ಹಲ್ಲು ತಿಕ್ಕಿಕೊಂಡು ಧಾರವಾಡಕ್ಕೆ

ಇವತ್ತು ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಾಗ ಕೆಳಗೆ ರಸ್ತೆಯಲ್ಲಿ ಶಾಲೆಯ ವ್ಯಾನಿನ ಹಾರ್ನ್ ಕೇಳಿತು. ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅದು ಪಕ್ಕದ ಮನೆಯ ಹುಡುಗರ ವ್ಯಾನು. ನಮ್ಮ ಮನೆಯಲ್ಲಿ ಶಾಲೆಗೆ ಹೋಗುವವರು ಈಗ ಯಾರೂ ಇಲ್ಲ. ಮಗಳು ಸುಮಾ ಕಾಲೇಜು ಸೇರಿದ್ದಾಳೆ. ನೀವು ನಗಬಹುದು, ಆದರೂ ಆ ಸದ್ದಿಗೆ ನನ್ನ ಹೊಟ್ಟೆ ಇವತ್ತಿಗೂ ಕಿವುಚುತ್ತದೆ. ಸಾಸಿವೆ ಸೀದುಹೋಯಿತು.

ಸುಮಾ ಎಂಟು ವರ್ಷದವಳಿದ್ದಾಗ ಆ ಹಾರ್ನ್ ಕೇಳುವುದೇ ತಡ, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂರುತ್ತಿದ್ದಳು. ವ್ಯಾನು ಹೋದ ಮೇಲೆ ನೋವೂ ಹೋಗುತ್ತಿತ್ತು. ನಾಟಕ ಎಂದರು ಯಜಮಾನರು. ನಾನು ಹಾಗೆನ್ನಲಿಲ್ಲ, ಯಾಕೆಂದರೆ ಅಪೆಂಡಿಕ್ಸಿನಿಂದ ಹಿಡಿದು ಕ್ಯಾನ್ಸರಿನವರೆಗೆ ಎಲ್ಲವನ್ನೂ ಆಗಲೇ ಯೋಚಿಸಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ವಿದ್ಯಾನಗರದಲ್ಲಿ ಇನ್ನೂ ಹುಟ್ಟಿಲ್ಲ. ಯಜಮಾನರು ಅಂಗಡಿಯಿಂದ ಬರುವುದು ತುಸು ತಡವಾದರೆ ಸಾಕು, ಅಪಘಾತವನ್ನೇ ಕಣ್ಣೆದುರು ತಂದುಕೊಂಡು ಅತ್ತುಬಿಡುತ್ತಿದ್ದೆ, ಮಗಳ ಮುಂದೆಯೇ.

ನಮ್ಮ ಮನೆಯ ಡಾಕ್ಟರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಸುಮಾಳ ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ, ಒಂದು ಸಂಜೆ ಅವಳನ್ನು ತೂಕ ನೋಡಿಸಲು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಅಷ್ಟಕ್ಕೇ ಕ್ಯಾನ್ಸರೇ ಎಂದು ನಾನು ತೀರ್ಮಾನಿಸಿಬಿಟ್ಟೆ.

“ನೋವು ಖರೇ ಐತಿ. ಆದ್ರ ಅದರ ಬೇರು ಹೊಟ್ಯಾಗ ಇಲ್ಲ,” ಎಂದರು. “ಧಾರವಾಡದಾಗ ಹುಡುಗರ ಮನಸ್ಸು ನೋಡೋ ಡಾಕ್ಟರ್ ಒಬ್ರು ಅದಾರ, ಭಾಳ ಛಲೋ. ನಾ ಫೋನ್ ಮಾಡಿ ಎಲ್ಲಾ ಹೇಳಿರ್ತೇನಿ. ನೀವು ಕೂಸಿಗೆ ಖರೇ ಹೇಳಿ ಕರಕೊಂಡು ಹೋಗ್ರಿ, ಅಷ್ಟ.”

ಧಾರವಾಡ! ನಮ್ಮ ಹುಬ್ಬಳ್ಳಿಯಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂದು ನಗುವುದುಂಟು, ಅಲ್ಲಿಯ ಹುಚ್ಚಾಸ್ಪತ್ರೆಯನ್ನು ನೆನೆದು. ನಾನೂ ನಕ್ಕವಳೇ. ಈಗ ಓಣಿಯಲ್ಲಿ ಗೊತ್ತಾದರೆ? ಶಾಲೆಯಲ್ಲಿ? ಮುಂದೆ ಮದುವೆಯ ಮಾತು ಬಂದಾಗ? ಮನೆ ಮುಟ್ಟುವಷ್ಟರಲ್ಲಿ ನನ್ನ ತಲೆಯಲ್ಲಿ ಆ ಮದುವೆ ಮುರಿದೂ ಬಿದ್ದಿತ್ತು.

“ಹಲ್ಲಿನ ಡಾಕ್ಟರ್ ಕಡೆ ಹೊಂಟೇವಿ ಅಂತ ಹೇಳು,” ಎಂದರು ಯಜಮಾನರು. ಓಣಿಗೂ ಅದನ್ನೇ ಹೇಳಿದೆವು, ಸುಮಾಳಿಗೂ ಅದನ್ನೇ.

ಪಾಪ, ಹುಡುಗಿ ಅವತ್ತು ಎರಡೆರಡು ಸಲ ಹಲ್ಲು ತಿಕ್ಕಿಕೊಂಡಳು. ಬಸ್ಸು ರಾಯಾಪುರ ದಾಟಿದರೂ “ಹಲ್ಲು ಕೀಳ್ತಾರೇನವ್ವಾ?” ಎಂದು ಕೇಳುತ್ತಲೇ ಇದ್ದಳು. ಅಲ್ಲಿ ಡಾಕ್ಟರ ಎದುರು ಕೂತವಳೇ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಅಗಲಿಸಿ ‘ಆ’ ಎಂದಳು. ನನಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಡಾಕ್ಟರಮ್ಮ ನನ್ನ ಕಡೆ ನೋಡಲೂ ಇಲ್ಲ. “ಬಾಯಿ ಮುಚ್ಚು ತಂಗಿ, ನಾ ಹಲ್ಲಿನ ಡಾಕ್ಟರ್ ಅಲ್ಲ. ಹೆದರಿಕಿ ಆದಾಗ ಹೊಟ್ಟಿ ನೋಯ್ತದಲ್ಲ, ಅದನ್ನ ನೋಡಾಕಿ. ವ್ಯಾನ್ ಬಂದಾಗ ಏನು ಹೆದರಿಕಿ ಆಗ್ತದ?”

ಸುಮಾ ಕಣ್ಣು ತೆರೆದಳು. ನನ್ನನ್ನು ಒಮ್ಮೆ ನೋಡಿ ಹೇಳಿದಳು: “ನಾ ಸಾಲಿಗೆ ಹೋದಾಗ ಅವ್ವಗ ಏನರ ಆದ್ರ? ಆಕಿ ಒಬ್ಬಾಕೀನ ಅಳತಿರ್ತಾಳ.”

ಆ ಚಿಕ್ಕ ಜೀವ ದಿನಾ ಮನೆಯಲ್ಲಿ ಉಳಿದು ನನ್ನನ್ನು ಕಾಯುತ್ತಿತ್ತು. ನಾನು ಅಲ್ಲಿಯೂ ಅತ್ತೆ.

ಮತ್ತೆ ಮತ್ತೆ ಹೋಗಿಬಂದೆವು. ಸುಮಾ ಮೊದಮೊದಲು ಅಳುತ್ತ ವ್ಯಾನು ಹತ್ತಿದಳು, ಆಮೇಲೆ ಕೈ ಬೀಸುತ್ತ. ಕಾಕಾ ಆಗೊಮ್ಮೆ ನನ್ನನ್ನೂ “ನಿಮ್ಮ ನಿದ್ದಿ ಹೆಂಗೈತ್ರಿ?” ಎಂದು ಕೇಳಿದ್ದರು. “ನನಗೇನಾಗೇತ್ರಿ!” ಎಂದು ನಕ್ಕು ಎದ್ದು ಬಂದಿದ್ದೆ.

ಇವತ್ತು ಸೀದ ವಾಸನೆಗೆ ಸುಮಾ ಅಡುಗೆಮನೆಗೆ ಬಂದು ಒಲೆ ಆರಿಸಿದಳು. ಹೊಟ್ಟೆಯ ಮೇಲಿದ್ದ ನನ್ನ ಕೈಯನ್ನು ನೋಡಿದಳು.

“ಅವ್ವಾ, ಕಾಕಾಗ ಫೋನ್ ಮಾಡ್ತೇನಿ. ನಿನ್ನ ಯಾರ ಕಡೆ ಕರಕೊಂಡು ಹೋಗ್ಬೇಕು ಕೇಳೂಣು. ಜೋಡಿ ನಾನೂ ಬರ್ತೇನಿ.”

ಓಣಿಯವರಿಗೆ ಏನು ಹೇಳುವುದು ಎನ್ನಲು ನಾನು ಬಾಯಿ ತೆರೆದೆ.

“ಹಲ್ಲಿನ ಡಾಕ್ಟರ್ ಅನ್ನಂಗಿಲ್ಲ ಮತ್ತ,” ಎಂದಳು.

ನಾನು ಬಾಯಿ ಮುಚ್ಚಿ, ಫೋನು ಅವಳ ಕೈಗೆ ಕೊಟ್ಟೆ.