ಗಪ್ಪಿಗಳ ಬಾಲ

ಪರಮಶಿವಯ್ಯನವರ ಹೆಂಡತಿ ಕಮಲಾದೇವಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಬಿಟಿಎಂ ಲೇಔಟಿನ ಎರಡು ಕೋಣೆಯ ಮನೆಯಲ್ಲಿ ಇಡೀ ದಿನ ಸೂರು ನೋಡುತ್ತ ಮಲಗಿರುವವಳಿಗೆ ಏನಾದರೂ ಓಡಾಡುವುದು ಕಣ್ಣಿಗೆ ಬೀಳಲಿ ಅಂತ ಅವರು ಗಾಜಿನ ತೊಟ್ಟಿ ತಂದು ಮಂಚದ ಪಕ್ಕ ಇಟ್ಟರು. ಮೀನು ಆರಿಸಲು ಜಯನಗರಕ್ಕೆ ಹೋದಾಗ ಬಣ್ಣವನ್ನಷ್ಟೇ ನೋಡಿದರು, ಯಾವುದು ಯಾವುದರ ಜೊತೆ ಹೊಂದುತ್ತದೆ ಅಂತ ಕೇಳಲಿಲ್ಲ. ಉದ್ದ ಬಾಲದ ಗಪ್ಪಿಗಳು, ನಡುವೆ ಕೆಂಡದಂಥ ಒಂದು ಫೈಟರ್ ಮೀನು. ಕಮಲಾದೇವಿ ಎಡಗೈ ಎತ್ತಿ ಗಾಜು ಮುಟ್ಟಿದಾಗ ಅವರಿಗೆ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಗಂಜಿ ಕುಡಿಸಿ, ಪಕ್ಕದ ಮನೆಯ ಮಂಗಮ್ಮನಿಗೆ ಮಧ್ಯಾಹ್ನ ನೋಡಿಕೊಳ್ಳಲು ಹೇಳಿ ಆಫೀಸಿಗೆ ಹೋದರು. ಮಂಗಮ್ಮನಿಗೆ ಅಂದು ಬರಲಾಗಲಿಲ್ಲ. ಸಂಜೆ ಬಂದು ಬಾಗಿಲು ತೆಗೆದರೆ ನೀರಲ್ಲಿ ಹರಿದ ಬಾಲಗಳ ಚೂರು ತೇಲುತ್ತಿತ್ತು. ಫೈಟರ್ ಇನ್ನೂ ಒಂದನ್ನು ಅಟ್ಟಾಡಿಸುತ್ತಿತ್ತು. ಮಂಚದ ಕೆಳಗೆ ಸ್ಟೀಲ್ ಲೋಟ ಉರುಳಿತ್ತು. ಯಾರನ್ನಾದರೂ ಕರೆಯಲು ಅವಳೇ ತಳ್ಳಿದ್ದಳು. ಬೆಳಗಿನಿಂದ ಸಂಜೆಯವರೆಗೆ, ಮಗ್ಗುಲು ಬದಲಿಸಲೂ ಆಗದೆ, ಅದನ್ನೇ ನೋಡುತ್ತ ಮಲಗಿದ್ದಳು.

ಆಮೇಲೆ ಅವಳು ಅವರ ಕಡೆಗೂ ಸರಿಯಾಗಿ ನೋಡಲಿಲ್ಲ. ಆ ವರ್ಷವೇ ತೀರಿಕೊಂಡಳು.

ತೊಟ್ಟಿ ಯಾರಿಗೋ ಕೊಟ್ಟರೂ ನೀರಿನ ಗುಳುಗುಳು ಶಬ್ದ ಮನೆ ಬಿಡಲಿಲ್ಲ. ಪಕ್ಕದಲ್ಲಿ ಎಲ್ಲಾದರೂ ಪಾತ್ರೆ ಬಿದ್ದರೆ "ಬಂದೆ ಕಣೇ" ಅಂತ ಎದ್ದುಬಿಡುತ್ತಿದ್ದರು. ನಿವೃತ್ತರಾದ ಮೇಲೆ ಹತ್ತಿರದಲ್ಲೇ ಸಾಕುವ ಬಣ್ಣದ ಮೀನು ಮಾರುತ್ತಿದ್ದ ಮುನಿಯಕ್ಕನ ಅಂಗಡಿಯಲ್ಲಿ ನಿಂತು, ಬಂದವರನ್ನೆಲ್ಲ ತಡೆಯಲು ಶುರುಮಾಡಿದರು. "ಏಂಜೆಲ್ ಮೀನಿನ ಜೊತೆ ಪುಟ್ಟ ನಿಯಾನ್ ಹಾಕ್ಬೇಡಿ ಸಾರ್, ಏಂಜೆಲ್ ದೊಡ್ಡದಾದ್ಮೇಲೆ ಅದನ್ನ ನುಂಗತ್ತೆ." "ಟೈಗರ್ ಬಾರ್ಬ್ ಬೇರೆ ಮೀನಿನ ರೆಕ್ಕೆ ಕಚ್ಚತ್ತೆ ಮೇಡಂ, ಬೇಡ."

"ಯಜಮಾನ್ರೇ, ನನ್ ಯಾಪಾರ ಮುಚ್ಚಿಸ್ತೀರಾ?" ಅಂತ ಮುನಿಯಕ್ಕ ಗೊಣಗಿದರೂ ಸ್ಟೂಲು ಮಾತ್ರ ಹಾಕುತ್ತಿದ್ದಳು.

ಬಾಗಲಕೋಟೆಯಿಂದ ಬಂದು ಪರಮಶಿವಯ್ಯನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ರಾಜಶ್ರೀ ಒಂದು ದಿನ ಕೇಳಿದಳು: "ಕಾಕಾರ, ಮನ್ಯಾಗ ಸಣ್ಣದೊಂದು ಮೀನಿನ ಡಬ್ಬಿ ಇಡೂಣಂತ ಮಾಡೇನ್ರಿ. ಬಣ್ಣ ಬಣ್ಣದ್ದು ಆರಿಸಿ ಕೊಡ್ರಿ."

ಅವರು ಅವಳ ಜೊತೆ ಮುನಿಯಕ್ಕನ ಅಂಗಡಿಗೆ ಹೋದರು. ನಿಯಾನ್ ಟೆಟ್ರಾಗಳ ಒಂದು ಗುಂಪು, ಕಿತ್ತಳೆ ಬಣ್ಣದ ಪ್ಲಾಟಿಗಳು ಒಂದಷ್ಟು, ಎರಡೂ ಸಾಧು ಮೀನುಗಳು. ಒಂದೊಂದನ್ನೂ ಬಗ್ಗಿ ನೋಡಿ, ಮುನಿಯಕ್ಕ ಸೋತು ಕೂರುವವರೆಗೆ ಆರಿಸಿದರು.

ತೊಟ್ಟಿ ಇಟ್ಟ ಸಂಜೆ ಮೇಲೆ ಹೋಗಿ, ಹೊಸಿಲಲ್ಲೇ ನಿಂತರು. ರಾಜಶ್ರೀ ಕುರ್ಚಿ ಎಳೆದಳು. "ಬರ್ರಿ ಕಾಕಾರ. ಯಾವೂ ಜಗಳಾಡವಲ್ವು."

"ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕಮ್ಮ," ಅಂದರು.

ಅವತ್ತು ಮಾತ್ರವಲ್ಲ, ಅವರಿದ್ದಷ್ಟು ಕಾಲವೂ ಸಂಜೆ ಹೋಗಿ ಕೂರುತ್ತಿದ್ದರು. ಬಣ್ಣ ಚೆನ್ನಾಗಿದೆ ಅಂತ ಒಮ್ಮೆಯೂ ಅನ್ನಲಿಲ್ಲ. ಯಾವುದಾದರೂ ಒಂದು ಮೀನು ಹೆದರಿ ಮೂಲೆ ಸೇರಿದೆಯಾ ಅಂತಷ್ಟೇ ಹುಡುಕುತ್ತಿದ್ದರು.