ಕಾರ್ಡಿನ ಹಿಂಬದಿಯ ಗೆಳತಿಯರು

ಊಟವಾದ ಮೇಲೆ ಬಾಯಿಗೆ ಅಡಿಕೆ ಇಲ್ಲದಿದ್ದರೆ ನನಗಾಗದು. ಎಪ್ಪತ್ತರ ದಶಕದ ಮೊದಲಲ್ಲಿ, ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ನಲ್ಲಿ ಅಡಿಕೆ ಎಲ್ಲಿಂದ ಬರಬೇಕು? ನಡೆದು ಹೋಗುವಷ್ಟು ದೂರದಲ್ಲಿದ್ದದ್ದು ಒಂದೇ ಅಂಗಡಿ. ಅಲ್ಲಿ ಚೂಯಿಂಗ್ ಗಮ್ ಸಿಕ್ಕಿತು. ಪೊಟ್ಟಣ ಬಿಡಿಸಿದರೆ ಒಣರೊಟ್ಟಿಯಂಥ ಗುಲಾಬಿ ತುಂಡು, ಜೊತೆಗೆ ಬ್ಯಾಟು ಹಿಡಿದ ಗಂಡಸರ ಚಿತ್ರಗಳು. ಬೇಸ್‌ಬಾಲ್ ಕಾರ್ಡಂತೆ. ಥೂ, ಯಾರಿಗೆ ಬೇಕು ಇವರ ಮುಖ ಎಂದು ಮಗುಚಿ ಹಾಕಿದೆ. ಹಿಂಬದಿಯಲ್ಲಿ, ಆಟದ ಅಂಕಿಗಳ ಪಕ್ಕ, ಪುಟ್ಟದೊಂದು ವ್ಯಂಗ್ಯಚಿತ್ರವಿತ್ತು. ಆಟಗಾರ ತಲೆ, ಭುಜದ ಮೇಲೆಲ್ಲ ಪಾರಿವಾಳ ಕೂರಿಸಿಕೊಂಡಿದ್ದ. ಕೆಳಗೆ ಒಂದೇ ಸಾಲು: ಇವನು ಬಿಡುವಿನಲ್ಲಿ ಪಾರಿವಾಳ ಸಾಕುತ್ತಾನೆ. ಆ ಮನೆಯಲ್ಲಿ ನಾನು ಮೊದಲ ಸಲ ನಕ್ಕದ್ದು ಅವತ್ತು.

ನಮ್ಮವರು ಏಳಕ್ಕೆಲ್ಲ ಕಾರು ತೆಗೆದುಕೊಂಡು ಆಫೀಸಿಗೆ ಹೊರಟುಬಿಡುತ್ತಿದ್ದರು. ನನಗೆ ಡ್ರೈವಿಂಗ್ ಬಾರದು. ಕಿಟಕಿಯಾಚೆ ಹುಲ್ಲು, ಹುಲ್ಲಿನಾಚೆ ರಸ್ತೆ, ನರಪಿಳ್ಳೆ ಇಲ್ಲ. ಅಳು ಬರುತ್ತಿತ್ತು. ಅತ್ತರೆ ಯಾಕೆ ಎಂದು ಕೇಳುವವರೂ ಇಲ್ಲವಲ್ಲ ಎಂದು ಸಿಟ್ಟೂ ಬರುತ್ತಿತ್ತು.

ಅಷ್ಟರಲ್ಲಿ ಮೈಸೂರಿನಿಂದ ಅಕ್ಕನ ಕಾಗದ ಬಂತು. "ನೀನು ಒಬ್ಬಳೇ ಇರ್ತೀಯ ಅಂತ ಅಮ್ಮ ಸರಿಯಾಗಿ ಊಟಾನೇ ಮಾಡ್ತಿಲ್ಲ ಕಣೇ. ಅಲ್ಲಿ ಯಾರ್ಯಾರು ಸ್ನೇಹಿತರಾಗಿದ್ದಾರೆ ಅಂತ ಬರಿ. ಓದಿ ಹೇಳ್ತೀನಿ."

ಯಾರಿದ್ದರು ಬರೆಯಲು? ಮೇಜಿನ ಮೇಲಿದ್ದದ್ದು ಆ ಕಾರ್ಡುಗಳು. ಗಂಡಸರ ಸ್ನೇಹ ಎಂದರೆ ಮೈಸೂರಲ್ಲಿ ದೊಡ್ಡ ರಾಮಾಯಣವಾದೀತೆಂದು ಎಲ್ಲರಿಗೂ ಲಂಗ ತೊಡಿಸಿದೆ. ಪಕ್ಕದ ಮನೆಯವಳು ಪಾರಿವಾಳ ಸಾಕುತ್ತಾಳೆ. ಎದುರು ಮನೆಯವಳು ಹಾರ್ಮೋನಿಯಂ ನುಡಿಸುತ್ತಾಳೆ. (ಚಿತ್ರದಲ್ಲಿದ್ದದ್ದು ಎದೆಗೆ ತೂಗುಹಾಕಿಕೊಳ್ಳುವ ಅಕಾರ್ಡಿಯನ್. ಅಮ್ಮನಿಗೆ ಅದನ್ನು ಬಿಡಿಸಿ ಹೇಳುವವರು ಯಾರು!) ಮೂಲೆ ಮನೆಯವಳು ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಾಳೆ, ಅವಳಿಗೆ ಖಾರ ಆಗದು. ನೀಲಿ ಏರೋಗ್ರಾಂ ಕಾಗದ ತುಂಬಿತು.

ಅಕ್ಕ ಮರುಟಪಾಲಿಗೇ ಬರೆದಳು: "ಅಮ್ಮ ಈಗ ಊಟ ಮಾಡ್ತಿದ್ದಾಳೆ. ಎಡಗೈಯವಳು ಬಡಿಸೋದೂ ಅದರಲ್ಲೇನಾ ಅಂತ ಕೇಳ್ತಿದ್ದಾಳೆ." ಇನ್ನು ನಿಜ ಹೇಳುವ ಹಾಗಿರಲಿಲ್ಲ. ಬೇರೆ ಸುದ್ದಿ ಬೇಕಾದಾಗಲೆಲ್ಲ ಹೋಗಿ ಇನ್ನೊಂದು ಪೊಟ್ಟಣ ಗಮ್ ತರುತ್ತಿದ್ದೆ.

ಮರುವರ್ಷ ಊರಿಂದ ಬಂದ ಪರಿಚಯದವರ ಕೈಯಲ್ಲಿ ಅಮ್ಮ ಒಂದು ಡಬ್ಬ ಕಳಿಸಿದಳು. ತುಂಬ ಕೋಡುಬಳೆ, ಬೇರೆ ಬೇರೆ ಪೊಟ್ಟಣ, ಒಂದೊಂದರ ಮೇಲೂ ಅಕ್ಕನ ಅಕ್ಷರದ ಚೀಟಿ. ಪಾರಿವಾಳದವಳಿಗೆ. ಹಾರ್ಮೋನಿಯಂನವಳಿಗೆ. ಎಡಗೈಯವಳಿಗೆ, ಖಾರ ಕಮ್ಮಿ. ನನ್ನ ಹೆಸರಿನ ಪೊಟ್ಟಣವೇ ಎಲ್ಲಕ್ಕಿಂತ ಚಿಕ್ಕದು. ನಮ್ಮವರಿಗೂ ತೋರಿಸಲಿಲ್ಲ. ಚೀಟಿ ನೋಡಿ ಇವರೆಲ್ಲ ಯಾರೆಂದು ಕೇಳಿದರೆ ಏನು ಹೇಳಲಿ? ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಕೂತು ಮೊದಲು ನನ್ನದು ತಿಂದೆ. ಆಮೇಲೆ ದಿನಕ್ಕೊಬ್ಬರದು. ಕೋಡುಬಳೆ ಮುರಿದಾಗ ಆ ಶಬ್ದ ಇಡೀ ಮನೆಗೆ ಕೇಳುತ್ತಿತ್ತು.

ನಾವು ಶಿಕಾಗೋ ಕಡೆಯ ನೇಪರ್‌ವಿಲ್‌ಗೆ ಬಂದ ಮೇಲೆ ಅಮ್ಮ ನಮ್ಮಲ್ಲಿಗೆ ಬಂದಳು. ಗೆಳತಿಯರೆಲ್ಲ ಪ್ಲಿಮತ್‌ನಲ್ಲೇ ಉಳಿದರು ಎಂದು ಹೇಳಿ ನೆಮ್ಮದಿಯಾಗಿದ್ದೆ. ಒಂದು ಬೆಳಗ್ಗೆ ಅಕ್ಕಿಹಿಟ್ಟು ತುಂಬಿಡಲು ಡಬ್ಬ ಹುಡುಕುತ್ತಾ ಅಮ್ಮ ತನ್ನದೇ ಹಳೆಯ ಡಬ್ಬ ಕಂಡು ತೆಗೆದಳು. ಕಾರ್ಡುಗಳನ್ನು ನಾನು ಇಟ್ಟಿದ್ದದ್ದು ಅದರಲ್ಲೇ. ನಾನು ಬಟ್ಟೆ ಒಗೆಯಲು ಹಾಕಿ ಬರುವಷ್ಟರಲ್ಲಿ ಅವನ್ನೆಲ್ಲ ಊಟದ ಮೇಜಿನ ಮೇಲೆ ಹರಡಿದ್ದಳು, ಹಿಂಬದಿ ಮೇಲೆ ಮಾಡಿ. ಅವಳಿಗೆ ಇಂಗ್ಲಿಷ್ ಬಾರದು. ಆ ಚಿತ್ರಗಳಿಗೆ ಇಂಗ್ಲಿಷ್ ಯಾಕೆ ಬೇಕು?

"ಹಾರ್ಮೋನಿಯಂನವಳಿಗೆ ಮೀಸೆ ಇದ್ಯಲ್ಲೇ?" ಅಂದಳು.

ನಗೋಣ ಅಂದುಕೊಂಡೆ. ಆಗಲಿಲ್ಲ.

ಅಮ್ಮ ಒಂದೊಂದನ್ನೂ ತಿರುಗಿಸಿ ಮುಖ ನೋಡಿದಳು. "ಅಷ್ಟೂ ಕೋಡುಬಳೆ ಒಬ್ಳೇ ತಿಂದ್ಯೇನೇ?"

"ಹೂಂ, ಅಮ್ಮ."

ಕಾರ್ಡುಗಳನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಒತ್ತಿದಳು.

"ಎಡಗೈಯವಳದ್ದು ಸಪ್ಪೆ ಇತ್ತಲ್ಲೇ," ಅಂದಳು. "ನಿಂಗೆ ಖಾರ ಬೇಕು."