ಹೆಲ್ಮೆಟ್ ಕಾನೂನಿಗೆ ಒಡೆಟ್ ಹೇಳಿದ ಸಾಕ್ಷಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಉತ್ತರದ ತುದಿಯಲ್ಲಿ ಶಾಲಾ ಬಸ್ಸು ಓಡಿಸುವ ಒಡೆಟ್ ಥಿಬೊ ಹುಟ್ಟು ಹಠಮಾರಿ. ಕೋಳಿ ಸಾಕಲು ಅನುಮತಿ ಬೇಕೆಂದು ಪುರಸಭೆಯವನು ಬಂದರೆ, "ಕೋಳೀನ ಕೇಳ್ಕೊಳಿ, ಅದು ಒಪ್ಪಿದೆ" ಎಂದು ಬಾಗಿಲಿನಿಂದಲೇ ಸಾಗಹಾಕಿದವಳು. ಪಕ್ಕದ ಮನೆಯವನು ಬೇಲಿಗುಂಟ ತುಕ್ಕು ಹಿಡಿದ ಕಾರುಗಳನ್ನು ಗುಡ್ಡೆ ಹಾಕಿದಾಗ ಅವನ ಮುಖಕ್ಕೇ ಬೈದಳು, ದೂರು ಮಾತ್ರ ಕೊಡಲಿಲ್ಲ. ನಾದಿನಿ ಲೊರೇನ್‌ಗೆ ಇದೆಲ್ಲ ನಗು. "ಸ್ವತಂತ್ರವಾಗಿ ಬಾಳು, ಇಲ್ಲಾಂದ್ರೆ ಸಾಯಿ ಅಂತ ಈ ರಾಜ್ಯದ ಪ್ರತಿ ಕಾರಿನ ನಂಬರ್ ಪ್ಲೇಟಲ್ಲೂ ಬರೆದಿರೋದನ್ನ ನಿಜ ಅಂತ ನಂಬಿದವರು ನೀವು, ನಮ್ಮಣ್ಣ ಇಬ್ಬರೇ ನೋಡಿ ಅತ್ತಿಗೆ" ಎನ್ನುತ್ತಿದ್ದಳು.

ಆ ನಗು ಕಳೆದ ಬೇಸಿಗೆಯಲ್ಲಿ ನಿಂತಿತು. ಆ ಅಣ್ಣ ಆರ್ಮಾಂಡ್, ಒಡೆಟ್‌ಳ ಗಂಡ, ಬರಿತಲೆಯಲ್ಲಿ ಬೈಕ್ ಓಡಿಸುತ್ತ ಕಣಿವೆಯ ತಿರುವಿನಲ್ಲಿ ಬಿದ್ದು ಸತ್ತ. ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯವಿಲ್ಲದ ರಾಜ್ಯ ಅದು. ಹಿಮ ಕರಗುತ್ತಿದ್ದಂತೆ ವಯಸ್ಸಿಗೆ ಬಂದ ಮಗ ರೆನೆಯೂ ಅದೇ ಬರಿತಲೆಯಲ್ಲಿ ಬೈಕ್ ಹತ್ತಿದ.

ಅದೇ ಹೊತ್ತಿಗೆ ರಾಜಧಾನಿಯಲ್ಲಿ ಹೆಲ್ಮೆಟ್ ಕಡ್ಡಾಯ ಮಾಡುವ ಮಸೂದೆ ಶಾಸಕರ ಸಮಿತಿಯ ಮುಂದೆ ವಿಚಾರಣೆಗೆ ಬಂತು. ಅಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು. ಅಣ್ಣನಂತೂ ಹೋದ, ಅವನ ಮಗನಾದರೂ ಉಳಿಯಲಿ ಎಂದು ಲೊರೇನ್ ಅತ್ತಿಗೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಗಂಡ ಸತ್ತವಳೇ ಬಾಯಿಬಿಟ್ಟರೆ ಸಮಿತಿ ಕರಗದೆ ಇದ್ದೀತೆ?

ಒಡೆಟ್ ಎದ್ದು, "ಈ ಕಾನೂನು ಬೇಡ" ಎಂದಳು.

ಸಮಿತಿಯ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು. "ಕಾನೂನು ಇದ್ದಿದ್ರೆ ನಿಮ್ಮ ಯಜಮಾನ್ರು ಇವತ್ತು ಬದುಕಿರ್ತಿದ್ರಾ ಅಮ್ಮಾ?"

"ಇರ್ತಿದ್ರು. ಬೈಕೊಂಡಾದ್ರೂ ಹಾಕ್ಕೋತಿದ್ರು."

"ಆದ್ರೂ ಬೇಡ ಅಂತೀರಾ?"

"ಬೇಡ. ದಿನಾ ಜಗಳ ಆಡಿದೀನಿ, ದಿನಾ ಸೋತಿದೀನಿ. ತಲೆ ಅವರದು. ನಾನು ಗೆಲ್ಲದ ಜಗಳಾನ ಪೊಲೀಸ್ನೋರ ಕೈಲಿ ಗೆಲ್ಲಿಸ್ಕೊಳ್ಳಲ್ಲ."

ಎಂಟೆದೆ ಬೇಕು ಸ್ವಾಮಿ, ಇಂಥ ಉತ್ತರಕ್ಕೆ. ಬದುಕಿರ್ತಿದ್ರಾ ಎಂದು ಕೇಳಿದ್ದಕ್ಕೆ 'ಯಾರಿಗೆ ಗೊತ್ತು' ಎಂದು ಜಾರಿಕೊಳ್ಳಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಸಿಟ್ಟಿನಲ್ಲಿ ಕುದಿಯುತ್ತಿದ್ದ ಲೊರೇನ್‌ಗೂ ಒಂದು ಗಳಿಗೆ ಆ ಹೆಂಗಸಿನ ಮುಂದೆ ತಾನು ಕುಗ್ಗಿಹೋದಂತೆನಿಸಿತು.

ಆದರೆ ಮನೆಗೆ ಮರಳುವ ದಾರಿಯಲ್ಲಿ ಅವಳ ಬಾಯಿ ಸುಮ್ಮನಿರಲಿಲ್ಲ. "ಅದೇನು ಹೆತ್ತ ಹೊಟ್ಟೇನಾ, ಕಲ್ಲಾ? ರೆನೆಗೇನಾದ್ರೂ ಆದ್ರೆ?" ತಿರುಗಿ ನೋಡಿದರೆ ಒಡೆಟ್ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು.

ಮನೆ ಮುಂದೆ ರೆನೆ ಬೈಕ್ ಒರೆಸುತ್ತಿದ್ದ. ಒಡೆಟ್ ಒಳಗಿನಿಂದ ಹೊಸ ಹೆಲ್ಮೆಟ್ ತಂದು ಅವನ ಕೈಗಿಟ್ಟಳು. ಯಾವ ಅಧಿಕಾರಿಗೂ ತಗ್ಗದವಳ ದನಿ ಈಗ ಒಡೆದಿತ್ತು. "ನಿನ್ನ ಕಾಲು ಹಿಡ್ಕೋತೀನಿ ಮಗಾ, ಹಾಕ್ಕೋ."

ರೆನೆ ಹೆಲ್ಮೆಟ್ಟನ್ನು ಮೆಟ್ಟಿಲ ಮೇಲಿಟ್ಟ. "ಆಗಲ್ಲಮ್ಮ."

ಕೀಲಿ ಬೈಕಿನಲ್ಲೇ ಇತ್ತು. ಕಿತ್ತುಕೊಳ್ಳಲು ಲೊರೇನ್ ಕೈ ಚಾಚಿದಳು. ಒಡೆಟ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಮಗನಿಗೆ ಗೇಟು ತೆರೆದಳು.